ಆರತಿ ತಟ್ಟೆಯಲ್ಲಿ ವಿಜ್ಞಾನದ ಮೊದಲ ಪಾಠ

ಮಂಡ್ಯ ಕಡೆಯ ಮನೆಗಳಲ್ಲಿ ಮದುಮಕ್ಕಳಿಗೆ ಆರತಿ ಎತ್ತುವ ಕೆಂಪು ನೀರನ್ನು ಮಾಡಲು ಬಣ್ಣದ ಪುಡಿ ಬೇಕಿಲ್ಲ. ಅರಿಸಿನ ಕದಡಿದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಸಾಕು, ಹಳದಿ ಹೋಗಿ ಕೆಂಪು ಬರುತ್ತದೆ. ಪಕ್ಕದಲ್ಲಿ ನಿಂತ ಮಗು ‘ಯಾಕೆ ಕೆಂಪಾಯಿತು?’ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ‘ಸುಮ್ಮನಿರು’ ಎಂಬುದೇ. ವಿಜ್ಞಾನದ ಕಲಿಕೆ ನಿಂತುಹೋಗುವುದು ಅಲ್ಲಿಯೇ.

ಅದೇ ನೀರಿಗೆ ನಿಂಬೆಹಣ್ಣು ಹಿಂಡಲು ಮಗುವಿಗೆ ಹೇಳಿದರೆ ಪಾಠ ಮುಂದುವರಿಯುತ್ತದೆ. ಕೆಂಪು ಮತ್ತೆ ಹಳದಿಯಾಗುತ್ತದೆ. ಅರಿಸಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ವಸ್ತು ಕ್ಷಾರ ತಗುಲಿದಾಗ ಕೆಂಪಾಗುತ್ತದೆ. ಸಾಕಷ್ಟು ಆಮ್ಲ ಸೇರಿದರೆ ಹಳೆಯ ಬಣ್ಣಕ್ಕೆ ಮರಳುತ್ತದೆ. ಅರಿಸಿನದ ಕಲೆಯಾದ ಅಂಗಿಗೆ ಸೋಪು ಹಚ್ಚಿದಾಗ ಕೆಂಪಾಗುವುದೂ ಇದರಿಂದಲೇ. ಸೋಪಿನ ನೀರು, ಹುಣಸೆರಸ, ಮಜ್ಜಿಗೆಗಳನ್ನು ಬೇರೆಬೇರೆ ಬಟ್ಟಲುಗಳಲ್ಲಿ ಪರೀಕ್ಷಿಸಿ ಮಗುವೇ ಪಟ್ಟಿ ಮಾಡಬಹುದು. ಸುಣ್ಣ ಕಣ್ಣಿಗೆ ಅಪಾಯಕಾರಿಯಾದ್ದರಿಂದ ಹಿರಿಯರು ಜೊತೆಗಿರಲೇಬೇಕು.

ಇಷ್ಟು ತಿಳಿದ ಮಗುವಿಗೆ ಮದ್ದೂರು ಸುತ್ತಿನ ಆಲೆಮನೆಯೂ ಪಾಠಶಾಲೆಯಾಗುತ್ತದೆ. ಕುದಿಯುವ ಕಬ್ಬಿನ ಹಾಲಿಗೆ ಸುಣ್ಣ ಹಾಕುವುದು ಅದರ ಹುಳಿಯನ್ನು ತಗ್ಗಿಸಿ, ಕಲ್ಮಶವನ್ನು ಬೇರ್ಪಡಿಸಲು. ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ತಯಾರಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅದರ ತತ್ವವೂ ಬಚ್ಚಲಿನಲ್ಲೇ ಸಿಗುತ್ತದೆ. ಆಲೂಗೆಡ್ಡೆಯ ದಪ್ಪ ಬಿಲ್ಲೆಯ ಸುತ್ತ ಪ್ಲಾಸ್ಟಿಕ್ ತುಂಡುಗಳನ್ನು ಸಿಕ್ಕಿಸಿ, ನಡುವೆ ಸೈಕಲ್ ಕಡ್ಡಿ ತೂರಿಸಿದರೆ ಚಕ್ರ ಸಿದ್ಧ. ಚೊಂಬಿನ ನೀರನ್ನು ಮೊದಲು ಗೇಣೆತ್ತರದಿಂದ, ಬಳಿಕ ಮೊಳದೆತ್ತರದಿಂದ ಸುರಿದರೆ ಯಾವಾಗ ವೇಗವಾಗಿ ತಿರುಗಿತೆಂದು ಮಗುವೇ ಹೇಳುತ್ತದೆ.

ಕನ್ನಡದಲ್ಲಿ ಈ ಪ್ರಯತ್ನ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲೇ ‘ವಿಜ್ಞಾನ’ ಪತ್ರಿಕೆ ಹೊರಡಿಸಿದರು. 1936ರಲ್ಲಿ ಶಿವರಾಮ ಕಾರಂತರ ‘ಬಾಲ ಪ್ರಪಂಚ’ ಬಂತು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲವಿಜ್ಞಾನ’ ಮಾಸಪತ್ರಿಕೆಯನ್ನು ಶಾಲೆಗಳಿಗೆ ತಲುಪಿಸಿತು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಜೀವನವಿಡೀ ಹೇಳಿದವರು ಭೌತವಿಜ್ಞಾನದ ಮೇಷ್ಟ್ರು ಎಚ್. ನರಸಿಂಹಯ್ಯ.

ಇದರ ಫಲ ಪರೀಕ್ಷೆಯ ಅಂಕವಷ್ಟೇ ಅಲ್ಲ. ಮನೆಯಲ್ಲಿ ಕಾಯಿಲೆಯಾದಾಗ ಮಂತ್ರವಾದಿ ನಿಂಬೆಹಣ್ಣು ಕೊಯ್ದು ‘ರಕ್ತ’ ತೋರಿಸಿದರೆ ಹೆದರಿದವರು ದುಡ್ಡೂ ಕೊಡುತ್ತಾರೆ, ಆಸ್ಪತ್ರೆಗೆ ಹೋಗುವುದನ್ನೂ ತಡಮಾಡುತ್ತಾರೆ. ಚಾಕುವಿಗೆ ಮೊದಲೇ ದಾಸವಾಳದ ರಸ ಸವರಿದ್ದರೆ ನಿಂಬೆಯ ಹುಳಿ ತಾಗಿ ಕೆಂಪಾಗುತ್ತದೆ ಅಷ್ಟೆ. ಅರಿಸಿನದ ಬಣ್ಣ ಬದಲಾಯಿಸಿ ನೋಡಿದ ಮಗು ಹೆದರುವ ಬದಲು ಚಾಕುವನ್ನು ತೊಳೆದು ಕೊಡಿ ಎನ್ನುತ್ತದೆ.

ಹೆತ್ತವರು ಮಾಡಬೇಕಾದುದು ಇಷ್ಟೇ: ಉತ್ತರ ಹೇಳುವ ಮೊದಲು ‘ಏನಾಗಬಹುದು, ಹೇಳು ನೋಡೋಣ’ ಎಂದು ಕೇಳುವುದು, ಊಹೆ ತಪ್ಪಾದರೆ ಗದರದಿರುವುದು.