ಅರಳಿ ಎಲೆ ಬರೆದ ಹುಡುಗ

ಕಾಗೆ ಬರೆಯಿರಿ ಎಂದರೆ ಮಕ್ಕಳು ಮೈಗೆಲ್ಲ ಕಪ್ಪು ಬಳಿಯುತ್ತಾರೆ. ಊರುಕಾಗೆಯ ಕತ್ತು ಬೂದು ಬಣ್ಣದ್ದೆಂದು ಗಮನಿಸುವವರು ಕಡಿಮೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಚಿಕ್ಕಂದಿನಿಂದಲೇ ಕಾಗೆಯನ್ನು ಕಣ್ಣಿಟ್ಟು ನೋಡಿದವರು. ವ್ಯಂಗ್ಯಚಿತ್ರಕಾರರಾಗಿ ದೇಶವೆಲ್ಲ ಹೆಸರಾದ ಮೇಲೂ ಅವರು ಕಾಗೆ ಬರೆಯುವುದನ್ನು ಬಿಡಲಿಲ್ಲ.

ಶಾಲೆಯಲ್ಲಿ ಅವರು ಬರೆದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿದ್ದರು. ತಾನು ಚಿತ್ರಕಾರನಾಗಬಲ್ಲೆ ಎಂಬ ನಂಬಿಕೆ ಹುಟ್ಟಿದ್ದು ಆಗಲೇ. ಆದರೆ ಮುಂಬಯಿಯ ಜೆ.ಜೆ. ಕಲಾಶಾಲೆ, ಸಾಕಷ್ಟು ಪ್ರತಿಭೆಯಿಲ್ಲವೆಂದು ಪ್ರವೇಶ ನಿರಾಕರಿಸಿತು. (ಸೀಟು ಸಿಗಲಿಲ್ಲವೆಂದು ಕಂಗಾಲಾಗಿ ಬರುವ ಪೋಷಕರಿಗೆ ನಾನು ಈ ಸಂಗತಿ ಹೇಳುವುದುಂಟು.) ಹುಡುಗ ಮೈಸೂರಿನಲ್ಲೇ ಬಿ.ಎ. ಓದುತ್ತ, ಅಣ್ಣ ಆರ್.ಕೆ. ನಾರಾಯಣ್ ಕಥೆಗಳಿಗೆ ಚಿತ್ರ ಬರೆದ. ಮುಂದೆ ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಆರಂಭದಲ್ಲಿ ಮೂಡಿದ್ದೂ ಅದೇ ಕೈಯ ಗೆರೆಗಳೇ.