ಮೂಸಿಯ ಮೂಲಕ್ಕೆ ಮಕ್ಕಳೊಡನೆ ಒಂದು ದಿನ

ನಾಂಪಲ್ಲಿಯಲ್ಲಿ ಹುಟ್ಟಿ ಬೆಳೆದ ನಮ್ಮವರ ಮಕ್ಕಳನ್ನು ಕರೆದು ನದಿಯೆಂದರೇನೆಂದು ಕೇಳಿದರೆ ಮೊದಲು ಮೂಗು ಮುಚ್ಚಿಕೊಳ್ಳುವರು. ಇದು ವಿನೋದಕ್ಕೆ ಹೇಳಿದ ಮಾತಲ್ಲ. ಅಫ್ಜಲಗಂಜಿನ ಸೇತುವೆಯ ಮೇಲೆ ಬಸ್ಸು ನಿಂತಾಗ ಕಿಟಕಿಯಿಂದ ಕಾಣುವ ಕಪ್ಪು ನೀರೇ ಅವರು ಕಂಡ ಮೂಸಿ. ಸೌಪರ್ಣಿಕೆಯ ದಡದಿಂದ ಬಂದು ಇಲ್ಲಿಯ ಹೋಟಲುಗಳಲ್ಲಿ ದುಡಿಯುವ ತಂದೆಗೂ, ಭೀಮೆ ಕಾಗಿಣೆಗಳ ಸೀಮೆಯಿಂದ ಬಂದು ಕಚೇರಿಯಲ್ಲಿ ಲೇಖನಿ ಹಿಡಿದ ತಂದೆಗೂ ಇದು ಸಣ್ಣ ಸಂಕಟವಲ್ಲ. ಹುಟ್ಟೂರಿನ ಹೊಳೆಯನ್ನು ವರ್ಷಕ್ಕೊಮ್ಮೆ ರಜೆಯಲ್ಲಿ ತೋರಿಸಬಹುದು. ತಾವು ವಾಸಿಸುವ ಊರಿನ ಹೊಳೆಯನ್ನು ಹೇಸಿಗೆಯೆಂದೇ ತಿಳಿದು ಮಕ್ಕಳು ದೊಡ್ಡವರಾಗುವುದು ಮಾತ್ರ ಸರಿಯಲ್ಲ.

ಆ ಹೊಳೆ ಹುಟ್ಟುವುದು ದೂರದಲ್ಲೇನೂ ಅಲ್ಲ. ವಿಕಾರಾಬಾದಿನ ಬಳಿಯ ಅನಂತಗಿರಿ ಬೆಟ್ಟಗಳಲ್ಲಿ. ವಿಕಾರಾಬಾದು ನಾಂಪಲ್ಲಿಯಿಂದ ರೈಲಿನಲ್ಲಿ ಸುಮಾರು 70 ಕಿಲೋಮೀಟರು. ಕಲಬುರಗಿಗೂ ಬೀದರಿಗೂ ಹೋಗುವ ನಮ್ಮ ಜನ ಆ ನಿಲ್ದಾಣವನ್ನು ಎಷ್ಟೋ ಸಲ ದಾಟಿರುವರು, ಬಹುಮಟ್ಟಿಗೆ ನಿದ್ದೆಯಲ್ಲಿ. ಅಲ್ಲಿ ಇಳಿದು ಬೆಟ್ಟಕ್ಕೆ ಹೋಗಬಹುದೆಂಬುದು ಅವರ ಮನಸ್ಸಿಗೆ ಬಂದಂತಿಲ್ಲ.

ಕಳೆದ ಕಾರ್ತಿಕದಲ್ಲಿ, ಶಾಲೆಗೆ ರಜವಿದ್ದ ಒಂದು ದಿನ, ಎರಡು ಸಂಸಾರಗಳ ಐವರು ಮಕ್ಕಳನ್ನು ಕಟ್ಟಿಕೊಂಡು ನಾವು ಮೂವರು ಹಿರಿಯರು ಹೊರಟೆವು. ಒಬ್ಬರು ಕುಂದಾಪುರದ ಕಡೆಯವರು, ಹೋಟಲಿನಲ್ಲಿ ಅಡಿಗೆಯ ಕೆಲಸ. ಇನ್ನೊಬ್ಬರು ಕಲಬುರಗಿಯವರು, ಗುಮಾಸ್ತರು. ಮಕ್ಕಳಲ್ಲಿ ಕಿರಿಯವನಿಗೆ ಆರು ವರ್ಷ, ಹಿರಿಯವಳಿಗೆ ಹನ್ನೆರಡು. ನಗರ ದಾಟುವವರೆಗೂ ಕಿಟಕಿಯ ಹೊರಗೆ ಒಂದರ ಮೇಲೊಂದು ಪೇರಿಸಿಟ್ಟಂಥ ಹೆಬ್ಬಂಡೆಗಳು. ಇವು ಸುಮಾರು 250 ಕೋಟಿ ವರ್ಷಗಳ ಹಿಂದಿನ ಕಲ್ಲುಗಳೆಂದರೆ ಮಕ್ಕಳು ನಂಬಲಿಲ್ಲ. ಶಂಕರಪಲ್ಲಿ ಕಳೆದ ಮೇಲೆ ಬಂಡೆಗಳು ಮರೆಯಾಗುತ್ತ ಬಂದು, ವಿಕಾರಾಬಾದಿನ ಹೊತ್ತಿಗೆ ನೆಲವೆಲ್ಲ ಕೆಂಪು ಮುರಕಲ್ಲು. “ಇದು ನಮ್ಮೂರ ಕಲ್ಲೇ” ಎಂದು ಕುಂದಾಪುರದವರು ಹಿಗ್ಗಿದರು.

ಗುಡ್ಡದ ಮೇಲೆ ಅನಂತಪದ್ಮನಾಭಸ್ವಾಮಿಯ ಗುಡಿಯಿದೆ. ಮೂಸಿಗೆ ಮುಚುಕುಂದಾ ಎಂಬ ಹೆಸರೂ ಇರುವುದಷ್ಟೆ. ಅದರ ಕಥೆಯನ್ನು ಅಲ್ಲಿಯೇ ಕುಳಿತು ಮಕ್ಕಳಿಗೆ ಹೇಳಿದೆವು. ಮುಚುಕುಂದರಾಜನು ದೇವತೆಗಳ ಪರವಾಗಿ ನಿದ್ದೆಯಿಲ್ಲದೆ ಬಹುಕಾಲ ಕಾದಿ, ಕಡೆಗೆ ನಿದ್ದೆಯನ್ನೇ ವರವಾಗಿ ಬೇಡಿದನು. ಎಬ್ಬಿಸಿದವನು ಬೂದಿಯಾಗುವನೆಂದು ಅದಕ್ಕೆ ಕಾವಲು. ಕೃಷ್ಣನನ್ನು ಅಟ್ಟಿಸಿಕೊಂಡು ಗುಹೆ ಹೊಕ್ಕ ಕಾಲಯವನನು ಮಲಗಿದವನನ್ನು ಒದ್ದು ಬೂದಿಯಾದನು. ಬೆಳಗಿನ ನಾಲ್ಕು ಗಂಟೆಗೆ ಎದ್ದು ಇಡ್ಲಿಯ ಪಾತ್ರೆ ಒಲೆಗೇರಿಸುವ ನಮ್ಮ ಸ್ನೇಹಿತರು ಇದನ್ನು ಕೇಳಿ, “ಆ ವರ ನಂಗೊಂದು ಸಿಕ್ಕಿದ್ರೆ ಸಾಕಿತ್ ಮಾರಾಯ್ರೆ” ಎಂದರು.

ಅಲ್ಲಿಂದ ಕಣಿವೆಗೆ ಇಳಿದೆವು. ತೊರೆಯೆಂದರೆ ಪಶ್ಚಿಮಘಟ್ಟದ ತೊರೆಯನ್ನು ಎಣಿಸಬಾರದು. ಒಂದೆಡೆ ಕಣಕಾಲು ಮುಳುಗುವಷ್ಟು ನೀರು, ಹತ್ತು ಮಾರು ಮುಂದೆ ಬರಿಯ ಕಲ್ಲು ಮರಳು, ಮತ್ತೆ ಎಲ್ಲಿಂದಲೋ ನೀರು. ಬೇಸಗೆಯಲ್ಲಿ ಹೋದರೆ ಇಷ್ಟೂ ಇರದು. ನೀರು ಎಲ್ಲಿ ಅಡಗಿತೆಂದು ಮಕ್ಕಳು ಕೇಳಿದಾಗ ಗುಮಾಸ್ತರು ಕುಕ್ಕರಗಾಲಿನಲ್ಲಿ ಕುಳಿತು ಮರಳನ್ನು ಕೈಯಿಂದ ತೋಡತೊಡಗಿದರು. ಮೊಳದುದ್ದ ತೋಡುವಷ್ಟರಲ್ಲಿ ತಳದಲ್ಲಿ ತೇವ. ಸ್ವಲ್ಪ ಹೊತ್ತಿಗೆ ತಿಳಿನೀರು ಜಿನುಗಿ ನಿಂತಿತು. ಒರತೆಯ ನೀರು ಕುಡಿದು ಬೆಳೆದ ಬಯಲುಸೀಮೆಯವರಿಗೆ ಇದು ಹೊಸದಲ್ಲ. ಕೊಳಾಯಿಯ ಮಕ್ಕಳಿಗೆ ಮಾತ್ರ ಇಂದ್ರಜಾಲ. ಐವರೂ ಒಂದೊಂದು ಒರತೆ ತೋಡಿದರು. ಮುಂದಿನ ಒಂದು ಗಂಟೆ ನಾವು ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಮಕ್ಕಳೊಡನೆ ನಡೆಯುವವರು ದೂರದ ಲೆಕ್ಕವನ್ನು ಮನೆಯಲ್ಲೇ ಬಿಟ್ಟು ಬರತಕ್ಕದ್ದು.

ಕಿರಿಯವನು ನೀರಿನಲ್ಲಿ ಕಾಲಿಟ್ಟುಕೊಂಡು ಕೇಳಿದ: “ಅಪ್ಪಯ್ಯ, ಅಫ್ಜಲಗಂಜಿಗೆ ಬಪ್ಪುದು ಇದೇ ನೀರಾ?”

“ಹೌದು ಮಗಾ, ಇದೇ ನೀರ್.”

ಗುಮಾಸ್ತರ ಮಗಳು ನನ್ನ ಕಡೆ ತಿರುಗಿದಳು. “ಮತ್ತ ಅಲ್ಲಿ ಹೋಗಿ ಯಾಕ ಕರ್ರಗ ಆಗ್ತದ, ಕಾಕಾ?”

ಉತ್ತರ ಸುಲಭ, ಹೇಳುವುದು ಕಷ್ಟ. ಈ ನೀರು ಗಂಡಿಪೇಟೆಯ ಉಸ್ಮಾನಸಾಗರದವರೆಗೆ ಹೆಚ್ಚುಕಡಮೆ ಮೂಸಿಯಾಗಿಯೇ ಇರುತ್ತದೆ. ಆ ಕಟ್ಟೆಯ ಕೆಳಗೆ ನಗರದ ಚರಂಡಿಗಳೂ ಕಾರ್ಖಾನೆಗಳೂ ಬಿಟ್ಟದ್ದೇ ಅದರಲ್ಲಿ ಹೆಚ್ಚು. ನಮ್ಮ ಹೋಟಲುಗಳ ತೊಳೆದ ನೀರೂ ಅದರಲ್ಲಿ ಸೇರಿದೆಯೆಂದು ಅವಳಿಗೆ ಹೇಳಿದೆ. ಅಡಿಗೆಯವರು ಸುಮ್ಮನೆ ತಲೆದೂಗಿದರು.

ಮಧ್ಯಾಹ್ನದ ಊಟ ನೆರಳಿನಲ್ಲಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಚಿತ್ರಾನ್ನ, ಮೊಸರನ್ನ. ಮಂಗಗಳು ಬುತ್ತಿಯ ವಾಸನೆ ಹಿಡಿದು ಬರುವುದರಿಂದ ಗಂಟನ್ನು ಒಬ್ಬರು ಕಾದಿರಬೇಕು. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಬೇಕು. ತೊರೆಯ ನೀರು ಎಷ್ಟು ತಿಳಿಯಾಗಿದ್ದರೂ ಮಕ್ಕಳಿಗೆ ಕುಡಿಸಕೂಡದು. ನೆನೆದ ಕಲ್ಲಿನ ಮೇಲೆ ಚಪ್ಪಲಿ ಜಾರುತ್ತದೆ, ಕ್ಯಾನ್‌ವಾಸ್ ಬೂಟು ಲೇಸು. ಎಷ್ಟು ಗಂಟೆಗೆ ಹಿಂದಿರುಗಬೇಕೆಂದು ಹೊರಡುವಾಗಲೇ ಗೊತ್ತುಮಾಡಿ, ಆ ಹೊತ್ತಿಗೆ ಎಲ್ಲಿದ್ದರೂ ಹಿಂದಿರುಗತಕ್ಕದ್ದು.

ಇವುಗಳಿಗಿಂತ ದೊಡ್ಡ ಎಚ್ಚರಿಕೆಯೊಂದಿದೆ. ಒಣ ನಾಡಿನ ತೊರೆಯನ್ನು ನಂಬಬಾರದು. ಅಮೆರಿಕೆಯ ಅರಿಜೋನಾ ಮರಳುಗಾಡಿನಲ್ಲಿ ಆಂಟಿಲೋಪ್ ಎಂಬ ಕಂದರವಿದೆ. ಎರಡು ಕಡೆ ಗೋಡೆಯಂಥ ಬಂಡೆ, ನಡುವೆ ಒಬ್ಬರು ನುಸುಳುವಷ್ಟು ದಾರಿ. 1997ರ ಆಗಸ್ಟ್ 12ರಂದು ಅಲ್ಲಿ ನೋಡಲು ಇಳಿದಿದ್ದ 11 ಜನರನ್ನು ಪ್ರವಾಹ ಕೊಚ್ಚಿಕೊಂಡು ಹೋಯಿತು. ಅವರ ತಲೆಯ ಮೇಲೆ ಮಳೆಯೇ ಇರಲಿಲ್ಲ. ಮಳೆ ಸುರಿದದ್ದು ಎಷ್ಟೋ ಮೈಲಿ ಮೇಲುಗಡೆ. ಅನಂತಗಿರಿಯ ಕಣಿವೆ ಅಂಥ ಇಕ್ಕಟ್ಟಿನದಲ್ಲ. ಆದರೂ ಮೇಲಿನ ಗುಡ್ಡದಲ್ಲಿ ಮೋಡ ಕಟ್ಟಿದರೆ, ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ಬುತ್ತಿಯನ್ನು ಬಿಟ್ಟಾದರೂ ಮಕ್ಕಳನ್ನು ಎತ್ತಿಕೊಂಡು ದಡವೇರಬೇಕು. ಮಳೆಗಾಲದ ಜೋರು ದಿನಗಳಲ್ಲಿ ಹೋಗದಿರುವುದೇ ವಿವೇಕ.

ಈ ಸಣ್ಣ ತೊರೆ ಏನು ಮಾಡಬಲ್ಲುದೆಂಬುದನ್ನು ಹೈದರಾಬಾದು ಕಂಡಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ನಗರದೊಳಕ್ಕೆ ನುಗ್ಗಿತು. ಸುಮಾರು 15,000 ಜನ ಸತ್ತರೆಂದು ಅಂದಾಜು. ಪರಿಹಾರ ಸೂಚಿಸಲು ನಿಜಾಮ ಸರಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಜಲಾನಯನದ 788 ಕೆರೆಗಳಲ್ಲಿ 221 ಒಡೆದುದರಿಂದ ಪ್ರವಾಹ ಇಮ್ಮಡಿಸಿತೆಂದು ಅವರು ಕಂಡುಕೊಂಡರು. ನಗರದ ಮೇಲ್ಗಡೆ ಮೂಸಿಗೊಂದು, ಅದರ ಉಪನದಿಯಾದ ಈಸಿಗೊಂದು ಅಣೆಕಟ್ಟು ಬೇಕೆಂದು 1909ರಲ್ಲಿ ಯೋಜನೆ ಕೊಟ್ಟರು. 1920ರಲ್ಲಿ ಉಸ್ಮಾನಸಾಗರವೂ 1927ರಲ್ಲಿ ಹಿಮಾಯತಸಾಗರವೂ ಎದ್ದು ನಿಂತವು. ನೆರೆ ತಡೆಯಲು ಕಟ್ಟಿದ ಕೆರೆಗಳು ಮುಂದೆ ನಗರದ ಬಾಯಾರಿಕೆಯನ್ನೂ ಕಳೆದವು. ವೃಂದಾವನ ನೋಡಲು ಮೈಸೂರಿಗೆ ಹೋಗುವ ನಮ್ಮವರು ಗಂಡಿಪೇಟೆಯ ಕಟ್ಟೆಯ ಮೇಲೆ ನಿಂತು ಅದೇ ಹೆಸರನ್ನು ನೆನೆಯುವುದು ಅಪರೂಪ.

ಬೆಟ್ಟಕ್ಕೆ ಹೋಗಿ ಬಂದವರು ಇನ್ನೊಂದು ಸಂಜೆ ಮಕ್ಕಳನ್ನು ಅಫ್ಜಲಗಂಜಿಗೆ ಕರೆದೊಯ್ಯಬಹುದು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹಳೆಯ ಹುಣಸೆಮರವಿದೆ. ಆ ನೆರೆಯ ದಿನ ಅದರ ಕೊಂಬೆಗಳನ್ನೇರಿ ಸುಮಾರು 150 ಜನ ಜೀವ ಉಳಿಸಿಕೊಂಡರೆಂದು ಹೇಳುವರು. ಬಸ್ಸು ಹಿಡಿಯಬೇಕಾಗಿಲ್ಲ, ನಾಂಪಲ್ಲಿಯಿಂದ ಮಕ್ಕಳೂ ನಡೆದು ಹೋಗುವಷ್ಟೇ ದೂರ.