ಕುಳ್ಳ ಮರಗಳ ಹಳೆಯ ಕಾಡು

ಹಳೆಯ ಕಾಡು ಎಂದೊಡನೆ ನಮಗೆ ನೆನಪಾಗುವುದು ಆಗುಂಬೆ, ಕುದುರೆಮುಖ. ತೋಳಿಗೆ ಸಿಗದ ಬೊಡ್ಡೆ, ಬಿಸಿಲು ತಾಕದ ನೆಲ. ಅದೇ ಚಿತ್ರ ಹೊತ್ತು ಗದಗಿನ ಕಪ್ಪತಗುಡ್ಡಕ್ಕೆ ಬಂದವರು 'ಇಲ್ಲಿ ಕಾಡೆಲ್ಲಿದೆ?' ಎಂದು ಕೇಳುವುದುಂಟು. ಕಾಣುವುದು ಹುಲ್ಲು, ಮೈ ಗೀರುವ ಕಾರೆ, ಕವಳಿ ಕಂಟಿ, ಅಲ್ಲಲ್ಲಿ ಕಕ್ಕೆ ಮರ, ದಿಣ್ಣೆಯ ಮೇಲೆ ಗಾಳಿಯಂತ್ರ. ಆದರೂ ಇದು ಹಳೆಯ ಕಾಡೇ. ಇದರ ವಯಸ್ಸು ಬೇರಿನಲ್ಲಿದೆ.

ಇಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಕಬ್ಬಿಣದ ಪಟ್ಟೆಗಳಿರುವ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಅವುಗಳ ಮೇಲಿನ ಮಣ್ಣು ತೆಳು. ಇಂಥ ನೆಲದಲ್ಲಿ ಸಸ್ಯಗಳು ಮೊದಲು ಕೆಳಕ್ಕೆ ಬೆಳೆಯುತ್ತವೆ. ಏಪ್ರಿಲ್‌ನಲ್ಲಿ ಒಣಗಿದ ಹುಲ್ಲಿನ ಬುಡವೊಂದನ್ನು ಬೆರಳಿನಿಂದ ಬಿಡಿಸಿ ನೋಡಿ. ಹೊರಗಿನ ಎಸಳೆಲ್ಲ ತರಗು. ನಡುವೆ, ಮಣ್ಣಿನ ಮಟ್ಟದಲ್ಲಿ, ಬೆಳ್ಳಗಿನ ಹಸಿ ಮೊಗ್ಗು. ದನ ಮೇಯ್ದರೂ ಅದು ಉಳಿಯುತ್ತದೆ. ಮುಂಗಾರು ಬಿದ್ದ ಕೆಲವೇ ದಿನಗಳಲ್ಲಿ ಗುಡ್ಡ ಹಸಿರಾಗುವುದು ಈ ಮೊಗ್ಗುಗಳಿಂದ. ಅಗೆದು ಬೇರು ಕಿತ್ತರೆ ಮಾತ್ರ ಲೆಕ್ಕ ಬೇರೆ. ಹಾಗೆ ಹಾಳಾದ ಹಳೆಯ ಹುಲ್ಲುಗಾವಲು ಮೊದಲಿನಂತಾಗಲು ಶತಮಾನಗಳೇ ಬೇಕಾಗಬಹುದು ಎನ್ನುತ್ತಾರೆ ವಿಜ್ಞಾನಿಗಳು.

ಈ ಬಯಲನ್ನು ನೆಚ್ಚಿಕೊಂಡ ಪ್ರಾಣಿಗಳಿವೆ. ದೂರದವರೆಗೆ ಕಣ್ಣು ಹಾಯುವ ಜಾಗ ತೋಳಕ್ಕೆ ಬೇಕು. ನಾಲ್ಕು ಕೊಂಬಿನ ಕೊಂಡುಕುರಿಗೆ ಅಡಗಲು ಎತ್ತರದ ಹುಲ್ಲು ಬೇಕು. ಕತ್ತೆಕಿರುಬ ಹಗಲು ಕಾಣಿಸುವುದು ಅಪರೂಪ. ಅದರ ಗುರುತು ಹಿಕ್ಕೆ. ಸತ್ತ ಪ್ರಾಣಿಯ ಮೂಳೆಯನ್ನೂ ಅರೆದು ಅರಗಿಸಿಕೊಳ್ಳುವುದರಿಂದ ಹಿಕ್ಕೆಯಲ್ಲಿ ಸುಣ್ಣದ ಅಂಶ ಹೆಚ್ಚು, ಒಣಗಿದ ಮೇಲೆ ಸೀಮೆಸುಣ್ಣದಷ್ಟು ಬೆಳ್ಳಗಿರುತ್ತದೆ.

ಗುಡ್ಡದ ಒಡಲಲ್ಲಿ ಕಬ್ಬಿಣ, ಚಿನ್ನ ಇರುವುದೇ ಅದಕ್ಕೆ ಕಂಟಕ. ಸಂರಕ್ಷಿತ ಮೀಸಲು ಎಂಬ ಘೋಷಣೆಯನ್ನು ಸರ್ಕಾರ 2016ರಲ್ಲಿ ಹಿಂದಕ್ಕೆ ಪಡೆದಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಜನ ಬೀದಿಗಿಳಿದರು. ಮರುವರ್ಷ ಮೀಸಲು ಮರಳಿತು. 2019ರಲ್ಲಿ ಸುಮಾರು 244 ಚದರ ಕಿ.ಮೀ. ವನ್ಯಜೀವಿಧಾಮವಾಯಿತು. ಒಂದು ಜಿಲ್ಲೆಯ ಜನ ಕುರುಚಲು ಕಾಡಿಗಾಗಿ ಇಷ್ಟು ಹಟ ಹಿಡಿದದ್ದು ನನ್ನ ಮಟ್ಟಿಗೆ ದೊಡ್ಡ ಸಂಗತಿ.

ಚಳಿಗಾಲದಲ್ಲಿ ಗುಡ್ಡಕ್ಕೆ ಹೋದವರು ಅದೇ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನು ಬಿಟ್ಟು ಬರಬಾರದು. ಮಧ್ಯ ಏಷ್ಯಾದ ಎತ್ತರದ ನಾಡುಗಳಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ಈ ಜಾತಿಯ ಹಕ್ಕಿಗಳು 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. ಆಮ್ಲಜನಕ ವಿರಳವಾದ ಆ ಎತ್ತರದಲ್ಲಿ ಅವುಗಳ ರಕ್ತದ ಹಿಮೋಗ್ಲೋಬಿನ್ ಅದನ್ನು ಬೇರೆ ಬಾತುಗಳಿಗಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಗಲು ನೀರಿನಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಸುತ್ತಲಿನ ಶೇಂಗಾ, ಕಡಲೆ ಹೊಲಗಳಲ್ಲಿ ಮೇವು. ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿ ಸೇರಿತು. ಆದರೆ ಹಕ್ಕಿಯ ಹೊಟ್ಟೆ ತುಂಬುವುದು ರೈತನ ಹೊಲದಲ್ಲಿ. ಆ ನಷ್ಟದ ಪಾಲನ್ನು ನಾವೂ ಹೊರಬೇಕು.

ಪರಿಸರ ದಿನದಂದು ಗುಡ್ಡಕ್ಕೆ ಸಸಿ ಹೊತ್ತು ಹೊರಡುವ ಗೆಳೆಯರಲ್ಲಿ ಒಂದು ವಿನಂತಿ: ಸಸಿಗಳನ್ನು ಊರ ರಸ್ತೆಯ ಬದಿಗೆ, ಶಾಲೆಯ ಅಂಗಳಕ್ಕೆ ನೆಡಿ. ಕಪ್ಪತಗುಡ್ಡದ ಹುಲ್ಲಿನ ಇಳಿಜಾರಿನಲ್ಲಿ ಗುಂಡಿ ತೋಡಬೇಡಿ.